ಸಲೈನ್ ಬಾಟ್ಲಿ ಮುಗಿದರೆ ಕೂಗುವ ಡಬ್ಬಿ ಮಾಡಿದ್ದೇನೆ, ಮಾರೋದು ಹೇಗೆ?

ಆಳಂದದ ಹುಡುಗ:
ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೇ ವರ್ಷ. ಹೋದ ಬೇಸಿಗೆಯಲ್ಲಿ ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಬಾಟ್ಲಿ ನೋಡ್ತಾ ಕೂತಿದ್ದೆ. ಒಮ್ಮೆ ಕಣ್ಣು ಹತ್ತಿತು, ಎದ್ದು ನೋಡಿದರೆ ಪೈಪಿನಲ್ಲಿ ರಕ್ತ ಏರಿತ್ತು, ಸೂಜಿ ಕಟ್ಟಿಕೊಂಡು ಬೇರೆ ಕೈಗೆ ಚುಚ್ಚಬೇಕಾಯಿತು. ಅದಕ್ಕೇ ಬಾಟ್ಲಿ ತೂಕ ನೋಡಿ, ಖಾಲಿಯಾದಾಗ ಬಜರ್ ಹೊಡೆಯುವ ಡಬ್ಬಿ ಮಾಡಿದ್ದೇನೆ. 1,800 ರೂಪಾಯಿ ಬಿತ್ತು. ಈಗ ಕಂಪನಿ ತೆಗೆಯಲಾ, ಪೇಟೆಂಟ್ ಹಾಕಲಾ? ಮುಂದಿನ ತಿಂಗಳು ಕಾಲೇಜು ಪ್ರದರ್ಶನದಲ್ಲೂ ಇಡ್ತೀನಿ.

ಯಾದಗಿರಿ ಸಿಸ್ಟರ್:
ತಮ್ಮಾ, ಬೇಜಾರಾಗಬೇಡ. ಬಾಟ್ಲಿ ಮುಗಿದಿದ್ದು ಗೊತ್ತಾಗೋದಿಲ್ಲ ಅನ್ನೋದು ನಮ್ಮ ತೊಂದರೆ ಅಲ್ಲ. ರಾತ್ರಿ ಪಾಳಿಯಲ್ಲಿ ಅಷ್ಟೂ ಹಾಸಿಗೆಗೆ ಒಬ್ಬಳೇ ಇರ್ತೀನಿ, ಒಂದು ಕಡೆ ಇಂಜೆಕ್ಷನ್ ಕೊಡುವಾಗ ಇನ್ನೊಂದು ಮೂಲೆಯಲ್ಲಿ ನಿನ್ನ ಡಬ್ಬಿ ಕೂಗಿದರೆ ಓಡೋಕಾಗುತ್ತಾ? ಪಕ್ಕದ ಪೇಶಂಟ್ ಎದ್ದು ಬೈತಾರೆ, ಎರಡನೇ ದಿನ ಯಾರೋ ಸೆಲ್ ಕಿತ್ತು ಇಡ್ತಾರೆ. ಮುಗಿದ ಮೇಲೆ ಹೇಳಿದರೆ ಉಪಯೋಗವಿಲ್ಲ. ಮಾಮೂಲಿ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಎಂಎಲ್, ನಿಮಿಷಕ್ಕೆ 60 ಹನಿ ಬಿಟ್ಟರೆ 3 ಎಂಎಲ್ ಹೋಗುತ್ತೆ. 50 ಎಂಎಲ್ ಉಳಿದಾಗಲೇ ನನ್ನ ಮೇಜಿನ ಮೇಲೆ ಸುಮ್ನೆ ಒಂದು ದೀಪ ಹತ್ತಿದರೆ ನನಗೆ ಕಾಲು ಗಂಟೆ ಸಿಗುತ್ತೆ.

ಬೀದರ್ ಬಯೋಮೆಡ್:
ಸಿಸ್ಟರ್ ಹೇಳಿದ್ದೇ ನಿಮ್ಮ ಪ್ರಾಡಕ್ಟು, ಡಬ್ಬಿ ಅಲ್ಲ. ಪ್ರದರ್ಶನದಲ್ಲಿ ಮಾತ್ರ ಈಗಲೇ ಇಡಬೇಡಿ. ಎಲ್ಲರ ಮುಂದೆ ತೋರಿಸಿದ ಮೇಲೆ ಹೊಸದು ಅಂತ ಪೇಟೆಂಟ್ ಕೇಳೋದು ಕಷ್ಟ. ಮೊದಲು ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿ ಅರ್ಜಿಗೆ 12 ತಿಂಗಳು ಟೈಮ್ ಇರುತ್ತೆ.

ಲೈಸೆನ್ಸ್ ವಿಷಯ: 2017ರ ಮೆಡಿಕಲ್ ಡಿವೈಸಸ್ ರೂಲ್ಸ್‌ನಲ್ಲಿ ಅಪಾಯ ಕಡಿಮೆ ಇರೋದರಿಂದ ಹೆಚ್ಚಿರೋದರವರೆಗೆ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಎ, ಬಿ ತಯಾರಿಕೆಗೆ ರಾಜ್ಯದವರು, ಸಿ, ಡಿಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ. ನಿಮ್ಮದು ಯಾವುದು ಅನ್ನೋದು ಡಬ್ಬಿ ಏನು ಕೆಲಸ ಮಾಡುತ್ತೆ ಅಂತ ನೀವು ಬರೆದುಕೊಡ್ತೀರೋ ಅದರ ಮೇಲಿದೆ. ಬರೀ ತೂಕ ನೋಡಿ ಎಚ್ಚರಿಸೋದು ಬೇರೆ, ಹನಿಯನ್ನು ತಾನೇ ನಿಲ್ಲಿಸೋದು ಬೇರೆ. ಎರಡನೆಯದಕ್ಕೆ ಕೈ ಹಾಕಿದರೆ ಪರೀಕ್ಷೆ, ಕಾಗದ ಎಲ್ಲ ಜಾಸ್ತಿ.

ಇನ್ನೊಂದು, ಬಳಸೋರು ಸಿಸ್ಟರ್, ಲಾಭ ಪೇಶಂಟ್‌ಗೆ, ದುಡ್ಡು ಕೊಡೋರು ಮಾತ್ರ ಆಡಳಿತದವರು. ಅವರು ಕೇಳೋದು ಒಂದೇ, ಇದರಿಂದ ನಮಗೆ ಏನು ಉಳಿಯುತ್ತೆ ಅಂತ. ಮತ್ತೆ ಮತ್ತೆ ಚುಚ್ಚಿದ ಸೂಜಿಗಳ ಲೆಕ್ಕ ನಿಮ್ಮ ಹತ್ತಿರ ಇದೆಯಾ? ಸರ್ಕಾರಿ ಟೆಂಡರ್ ಹೊಸಬರಿಗೆ ನಿಧಾನ, ನಾನಾದರೆ ಮೊದಲು 20 ಹಾಸಿಗೆಯ ಖಾಸಗಿ ನರ್ಸಿಂಗ್ ಹೋಮಿಗೆ ತಿಂಗಳ ಬಾಡಿಗೆಗೆ ಕೊಡ್ತೀನಿ. ಬಯೋಟೆಕ್ ಹೊಸ ಕಂಪನಿಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್‌ನಲ್ಲಿ 50 ಲಕ್ಷದವರೆಗೆ ಸಿಗುತ್ತೆ, ಆದರೆ ಅಲ್ಲೂ ಇದೇ ಪ್ರಶ್ನೆ ಬರುತ್ತೆ. ಹಾಂ, ನಮ್ಮ ಕಡೆ ಮೇ ತಿಂಗಳ ಬಿಸಿಲು, ಕರೆಂಟ್ ಹೋಗೋದು, ಸ್ಪಿರಿಟ್ ಹಚ್ಚಿ ಒರೆಸೋದು, ಇಷ್ಟನ್ನೂ ಡಬ್ಬಿ ತಡೆಯಬೇಕು.

ಆಳಂದದ ಹುಡುಗ:
ಸೂಜಿ ಲೆಕ್ಕ ಇಲ್ಲ ಸರ್, ಅದು ಹೊಳೆದೇ ಇರಲಿಲ್ಲ. ಅಕ್ಕಾ, ನಿಮ್ಮ ವಾರ್ಡಿಗೆ ಒಂದು ರಾತ್ರಿ ಬಂದು ಕೂರಬಹುದಾ?

ಯಾದಗಿರಿ ಸಿಸ್ಟರ್:
ಮೊದಲು ಸೂಪರಿಂಟೆಂಡೆಂಟ್ ಹತ್ತಿರ ಚೀಟಿ ಬರೆಸಿಕೊಂಡು ಬಾ. ಪೇಶಂಟ್ ಲೆಕ್ಕ ಬರೆದುಕೊಳ್ಳೋದಾದರೆ ಎಥಿಕ್ಸ್ ಕಮಿಟಿ ಒಪ್ಪಿಗೆನೂ ಬೇಕು. ರಾತ್ರಿ ಹತ್ತರ ಮೇಲೆ ಬಾ, ಡಬ್ಬಿ ಮನೆಯಲ್ಲೇ ಇಡು.