ಮೇಲಕ್ಕೇಳುವ ಬೇರಿಗೆ ಕನ್ನಡದಲ್ಲಿ ಏನಂತಾರೆ? (ಬೋರ್ಡಿಗೆ ಬೇಕು, ತುರ್ತು)

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಪಂಚಗಂಗಾವಳಿ ಹೊಳೆ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಶಾಲೆ ಮಕ್ಕಳಿಗಾಗಿ ಬೋರ್ಡ್ ಹಾಕಿಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ನೀರು ಇಳಿದಾಗ ಅವಿಸೆನಿಯಾ ಎಂಬ ಕಾಂಡ್ಲಾ ಗಿಡದ ಸುತ್ತ, ಕೆಸರಿನಲ್ಲಿ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಬೇರು ಎದ್ದು ನಿಂತಿರುತ್ತವಲ್ಲ, ಅದಕ್ಕೆ ಏನೆಂದು ಬರೆಸಲಿ? ಕೆಸರಿನೊಳಗೆ ಗಾಳಿ ಸಿಗುವುದಿಲ್ಲ. ಈ ಬೇರಿನ ಸಿಪ್ಪೆಯ ಸಣ್ಣ ತೂತುಗಳಿಂದಲೇ ಗಾಳಿ ಒಳಗೆ ಹೋಗಬೇಕು. ಅನುವಾದಕರು 'ಶ್ವಾಸಮೂಲ' ಅಂತ ಕಳಿಸಿದ್ದಾರೆ. ಓದಿದರೆ ಮೂಲವ್ಯಾಧಿ ನೆನಪಾಗುತ್ತದೆ.

> ಅದಕ್ಕೆ ಏನೆಂದು ಬರೆಸಲಿ?
ಬಿಳಲು. ಮುಗಿಯಿತು.

> ಮುಗಿಯಿತು.
ಮುಗಿಯಲಿಲ್ಲ. ಬಿಳಲು ಹಳಗನ್ನಡದ ಬಿೞಲ್. ಬೀೞ್ ಧಾತುವಿನ ನೆಂಟ ಅಂತ ನನ್ನ ಲೆಕ್ಕ, ತಮಿಳಿನ ವಿೞುದು ನೋಡಿ. ಆಲದ್ದು ಮೇಲಿಂದ ಬೀಳುತ್ತದೆ, ಇದು ಕೆಳಗಿಂದ ಏಳುತ್ತದೆ. ಎದ್ದದ್ದನ್ನು ಬಿದ್ದದ್ದು ಅನ್ನಬೇಕಾ? 'ಉಸಿರ್ವೇರು' ಎಂದು ಬರೆಸಿ. ಬಕಾರಕ್ಕೆ ವಕಾರ ಬರಲೇಬೇಕು. ಬೇರ್, ಬೆರಸಿ ಸೇರಿದರೆ ಬೇರ್ವೆರಸಿ ಅನ್ನುವುದಿಲ್ಲವೇ?

> ಬರಲೇಬೇಕು
ಹಾಗಾದರೆ ತಾಯಿಬೇರಿಗೆ ಯಾಕೆ ಬರಲಿಲ್ಲ ಸ್ವಾಮಿ? ಉಸಿರುಬೇರು ಸಾಕು, ಮಗುವಿಗೂ ತಿಳಿಯುತ್ತದೆ. ಮೊದಲು ಆ 'ಕಾಂಡ್ಲಾ' ತೆಗೆಸಿ. ಅದು ಕನ್ನಡವೇ ಅಲ್ಲ, ಮರಾಠಿಯ ಕಾಂದಳ.

> ಕನ್ನಡವೇ ಅಲ್ಲ
ತೆಗೆದು ಏನು ಹಾಕುವುದು, ಮ್ಯಾಂಗ್ರೋವಾ? ಮಲಯಾಳದಲ್ಲೂ ತಮಿಳಿನಲ್ಲೂ ಕಂಡಲ್ ಇದೆ. ಈ ಗುಂಪಿನ ಒಂದು ಗಿಡಕ್ಕೆ ಸಸ್ಯಶಾಸ್ತ್ರದವರು ಇಟ್ಟ ಕ್ಯಾಂಡೇಲಿಯಾ ಎಂಬ ಹೆಸರು ಬಂದದ್ದೂ ಮಲಯಾಳದಿಂದಲೇ. ಲ್ಯಾಟಿನ್ ಮಂದಿಯೇ ಸಂಕೋಚ ಇಲ್ಲದೆ ಕಡ ತಗೊಂಡಿದ್ದಾರೆ, ನಮಗೆ ನೆರೆಮನೆಯ ಪದ ಅಂದರೆ ಮೈಲಿಗೆ! ಕರಾವಳಿಯವರು ದಿನಾ ಆಡುವ ಪದವನ್ನು ಸುಮ್ನೆ ಹೊರಗೆ ಹಾಕಲು ನಾವ್ಯಾರು?

ಜಗಳ ಮುಂದುವರಿಯಲಿ, ನನಗೆ ಹೊತ್ತಿಲ್ಲ. 'ಉಸಿರುಬೇರು' ಎಂದೇ ಬರೆಸುತ್ತೇನೆ. ಎಲೆಗೆ ಪದವೇ ಬೇಕಿಲ್ಲ. ಅವಿಸೆನಿಯಾ ಜಾಸ್ತಿಯಾದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ, ಬಿಸಿಲಿಗೆ ಒಣಗಿ ಬಿಳಿ ಪುಡಿ ಕೂತಿರುತ್ತದೆ. 'ಎಲೆ ನೆಕ್ಕಿ ನೋಡಿ' ಅಂತ ಬರೆಸಿದರೆ ಆಯಿತು. ಕೊನೆಯದು ಒಂದು: ರೈಜೋಫೋರಾ ಎಂಬ ಇನ್ನೊಂದು ಕಾಂಡ್ಲಾ ಗಿಡದ ಕಾಂಡದಿಂದ ಕಮಾನಿನ ಹಾಗೆ ಬಾಗಿ ಕೆಸರಿಗೆ ಊರಿ, ಮರ ವಾಲದ ಹಾಗೆ ಹಿಡಿದಿರುವ ಬೇರು. ಅದು ಮೇಲಿಂದಲೇ ಇಳಿಯುತ್ತದೆ. ಅದನ್ನಾದರೂ ಬಿಳಲು ಅನ್ನಬಹುದು, ಅಲ್ವಾ?

> ಅನ್ನಬಹುದು, ಅಲ್ವಾ?
ಅನ್ನಬಹುದು. ೞಕಾರ ಹಾಕಿಸಿ.