ಸಹಾಯ ಬೇಕು: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾರ್ಡ್ ಕೊಟ್ಟರೆ 2% ಜಾಸ್ತಿ ಕೇಳುತ್ತಾರೆ

ಎಲ್ಲರಿಗೂ ನಮಸ್ಕಾರ. ತಂಗಿ ಇಂಜಿನಿಯರಿಂಗ್ ಸೇರಿದ್ದಾಳೆ, ಲ್ಯಾಪ್‌ಟಾಪ್ ಕೊಡಿಸಬೇಕು. ಎಸ್.ಪಿ. ರಸ್ತೆಯ ಒಂದು ಅಂಗಡಿಯವರು 55,000ಕ್ಕೆ ಒಪ್ಪಿದರು. ಕ್ರೆಡಿಟ್ ಕಾರ್ಡ್ ಅಂದ ತಕ್ಷಣ 2% ಜಾಸ್ತಿ ಅಂದರು. ಅಂದರೆ 1,100 ರೂಪಾಯಿ! ಬೆಲೆಯಲ್ಲಿ 18% ಜಿಎಸ್‌ಟಿ ಆಗಲೇ ಸೇರಿದೆ. ಕಾರ್ಡ್ ಯಂತ್ರದ ಶುಲ್ಕ ಅಂಗಡಿಯವರು ಬ್ಯಾಂಕಿಗೆ ಕೊಡಬೇಕಾದದ್ದು. ಅದನ್ನು ನಮ್ಮ ಮೇಲೆ ಹಾಕುವುದು ಸರಿಯಲ್ಲ, ಅಲ್ವಾ?

ಪೂರ್ತಿ ಹಣ ಒಟ್ಟಿಗೆ ಕೊಡುವುದು ನಮಗೆ ಕಷ್ಟ, ಕಂತು ಬೇಕೇ ಬೇಕು. ಆನ್‌ಲೈನ್‌ನಲ್ಲಿ ನೋ ಕಾಸ್ಟ್ ಇಎಂಐ (ಬ್ಯಾಂಕಿನ ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಕಡಿಮೆ ಮಾಡುವ ಕಂತು) ಸಿಗುತ್ತದೆ. ಆದರೆ ಅಲ್ಲೂ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಾವೇ ಕಟ್ಟಬೇಕು, ಕೆಲವು ಬ್ಯಾಂಕುಗಳು ಪ್ರೊಸೆಸಿಂಗ್ ಶುಲ್ಕವನ್ನೂ ಹಾಕುತ್ತವೆ.

ಇತ್ತೀಚೆಗೆ ಎಸ್.ಪಿ. ರಸ್ತೆಯಲ್ಲಿ ಕಾರ್ಡ್ ಕೊಟ್ಟು ಕೊಂಡವರು ಇದ್ದೀರಾ? ಜಾಸ್ತಿ ಕೇಳದೆ, ಸರಿಯಾದ ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕ್ಲಾಸ್ ಶುರುವಾಗುವ ಮೊದಲೇ ತಗೋಬೇಕು.