ಹಳೀ ವಾಡೇದಾಗ ಸಿಕ್ಕ ಚೌಕ ಮೊಳಿ: ಮಷೀನ್‌ದಾಗ ಮಾಡಿದ್ದೋ, ಕೈಲೆ ಬಡದದ್ದೋ?

ಆಳಂದ_ವಾಡೇ

ಎಲ್ಲರಿಗೂ ಶರಣ್ರಿ. ನಮ್ಮೂರು ಆಳಂದ ತಾಲೂಕಿನಾಗ ಬರ್ತದ, ಊರಾಗ ನಮ್ಮ ಮುತ್ಯಾನ ಅಪ್ಪ ಕಟ್ಟಿಸಿದ ವಾಡೇ ಅದ. ಎರಡು ಮಳಿಗಾಲದಿಂದ ಪಡಸಾಲಿ ಮಾಳಿಗಿ ಸೋರಿ ಸೋರಿ ಜಂತಿ ಪುರಾ ಹುಳ ಹತ್ತಿ ಪುಡಿ ಆಗಿದ್ದವು, ಈ ಸಲ ಯುಗಾದಿ ಆದಮ್ಯಾಲ ಬಡಿಗ್ಯಾರನ್ನ ಕರೆಸಿ ಬಿಚ್ಚಿಸ್ಲಕತ್ತೀವಿ. ಬಿಚ್ಚಿದ ಕಟಗಿಯಿಂದ ಒಂದು ಎಣ್ಣಿ ಡಬ್ಬಿ ತುಂಬ ಮೊಳಿ ಬಂದಾವ. ನಾ ದುಂಡನ ಮೊಳಿ ಬಿಟ್ಟು ಬ್ಯಾರೇ ನೋಡಿದ್ದೇ ಇಲ್ಲ, ಇವು ಎಲ್ಲಾ ಚೌಕ ಅದಾವ. ಆದ್ರ ಚೌಕದಾಗೂ ಎರಡು ನಮೂನಿ. ತಲಬಾಗಲದಾಗಿನವು ಒಂದಕ್ಕೊಂದು ಅಳತಿ ಹೊಂದಂಗಿಲ್ಲ, ತಲಿ ಮ್ಯಾಲ ಸುತ್ತಿಗಿ ಪೆಟ್ಟು ಇನ್ನಾ ಕಾಣ್ತಾವ. ಜಂತಿ ಮ್ಯಾಲಿನ ಹಲಗಿಗಿ ಹೊಡದವು ಮಾತ್ರ ಎಲ್ಲಾ ಒಂದೇ ಉದ್ದ, ಒಂದೇ ದಪ್ಪ, ಅಚ್ಚಿನಾಗ ತಗದಂಗ.

ಅಷ್ಟು ಹಿಂದ ಮೊಳಿ ಮಾಡೋ ಮಷೀನ್ ಇದ್ದವಾ? ಇದ್ರ ಚೌಕ ಮೊಳಿ ಮಷೀನ್‌ದಾಗ ಹೆಂಗ ಬರ್ತಾವ? ಭಂಗಾರದಾಂವ ಬಂದು ಕಿಲೋ ಲೆಕ್ಕಕ್ಕ ಕೊಡ್ರಿ ಅಂತ ಎರಡು ಸಲ ಕೇಳಿ ಹೋಗ್ಯಾನ, ನನಗ ಕೊಡ್ಲಾಕ ಮನಸ್ಸಿಲ್ಲ. ತಿಳದವ್ರು ಜರಾ ಹೇಳ್ರಿ.

ಹುಮನಾಬಾದ್_ಕಟಗಿ_ಕೆಲಸ

ಭಂಗಾರದಾಂವಗ ಕೊಡಬ್ಯಾಡ್ರಿ ಅಣ್ಣಾ, ಅದೊಂದು ಮೊದಲ ಹೇಳ್ತೀನಿ. ಚೌಕ ಮೊಳಿ ಅಂದ್ರ ಕಂಬಾರ ಮಾಡಿದ್ದೇ, ಮಷೀನ್‌ದ್ದು ದುಂಡನ ಮೊಳಿ. ಒಂದೇ ಅಳತಿ ಇದ್ದವು ಚಲೋ ಕೈ ಇರೋ ಕಂಬಾರ ಮಾಡಿದ್ದಿರಬೇಕು. ನಮ್ಮ ಕಡಿ ಹಳೀ ಮನಿ ಬಿಚ್ಚಿದಾಗೆಲ್ಲಾ ಇಂಥವೇ ಬರ್ತಾವ, ನಾ ತೊಳದು ಎಣ್ಣಿ ಹಚ್ಚಿ ಇಟಗೋತೀನಿ.

ಹಳೀ_ಹತ್ಯಾರ_ಬೀದರ್

ಮ್ಯಾಲಿನ ಅಣ್ಣಾರು ಹೇಳಿದ್ದರಾಗ ಭಂಗಾರಕ್ಕ ಕೊಡಬ್ಯಾಡ್ರಿ ಅನ್ನೋದು ನೂರಕ್ಕ ನೂರು ಖರೇ. ಆದ್ರ ಚೌಕ ಇದ್ದದ್ದೆಲ್ಲಾ ಕೈಲೆ ಬಡದದ್ದಲ್ರೀ. ಡಬ್ಬಿಯಾಗಿಂದ ಒಂದೊಂದು ಮೊಳಿ ತಗೊಂಡು ನಾಕೂ ಮಗ್ಗಲು ತಿರುವಿ ನೋಡ್ರಿ. ನಾಕೂ ಮಗ್ಗಲು ತುದಿ ಕಡಿ ಸಣ್ಣಾಗ್ತಾ ಹೋಗಿದ್ರ ಅದು ಕುಲುಮ್ಯಾಗ ಕಾಸಿ ಬಡದದ್ದು. ಎದರಾ ಬದರಾ ಎರಡು ಮಗ್ಗಲು ತಲಿಯಿಂದ ತುದಿ ತನಕ ಸಮಾ ಇದ್ದು, ಉಳದ ಎರಡೇ ಸಣ್ಣಾಗಿದ್ರ ಅದು ಮಷೀನ್‌ದಾಗ ಕತ್ತರಿಸಿದ್ದು. ಇದಕ್ಕ ಕಟ್ ನೇಲ್ ಅಂತಾರ.

ಯಾಕ ಎರಡೇ ಮಗ್ಗಲು ಅಂದ್ರ, ಅದನ್ನ ಸಳಿಯಿಂದ ಮಾಡಂಗಿಲ್ಲ, ಕಬ್ಬಿಣದ ಪಟ್ಟಿಯಿಂದ ಕತ್ತರಿಸ್ತಾರ. ಪಟ್ಟಿ ಎಷ್ಟು ಅಗಲ ಅದನೋ ಮೊಳಿ ಅಷ್ಟು ಉದ್ದ, ಪಟ್ಟಿ ಎಷ್ಟು ದಪ್ಪ ಅದನೋ ಮೊಳಿ ಅಷ್ಟು ದಪ್ಪ, ಆ ದಪ್ಪ ಬದಲಾಗಂಗಿಲ್ಲ, ಅದಕ್ಕೇ ಎರಡು ಮಗ್ಗಲು ಸಮಾ ಉಳೀತಾವ. ಮಷೀನ್‌ದ ಬ್ಲೇಡ್ ಪಟ್ಟಿಯ ತುದಿಯನ್ನ ಜರಾ ಓರಿ ಮಾಡಿ ಕತ್ತರಿಸ್ತದ, ಅಂದ್ರ ಒಂದು ಕಡಿ ಅಗಲ ಒಂದು ಕಡಿ ಚೂಪು. ಈಗ ಪಟ್ಟಿಯ ಬಾಯಿ ಓರಿ ಆಗ್ಯದಲ್ಲ, ಮುಂದಿನ ಪೆಟ್ಟಿಗಿ ಪಟ್ಟಿ ಮಗಚಿ ಹಾಕ್ತಾರ, ಮತ್ತ ಅದೇ ಓರಿ, ಮತ್ತೊಂದು ಮೊಳಿ. ದರ್ಜಿ ಲಂಗಾದ ಕಲಿ ಕತ್ತರಿಸೋ ಮುಂದ ಒಂದರ ಅಗಲ ಬಾಜೂಕ ಇನ್ನೊಂದರ ಸಣ್ಣ ಬಾಜೂ ಬರೋಹಂಗ ಇಟ್ಟು ಬಟ್ಟಿ ಉಳಿಸ್ತಾನಲ್ಲ, ಬರೋಬ್ಬರಿ ಅದೇ ಲೆಕ್ಕ, ಚೂರು ಕಬ್ಬಿಣಾನೂ ಹಾಳಾಗಂಗಿಲ್ಲ. ಮೊದಲು ಈ ಮಗಚೋ ಕೆಲಸಕ್ಕ ಮಷೀನ್ ಮುಂದ ಒಬ್ಬ ಆಳು ನಿಂತು ಪಟ್ಟಿ ಹಿಡ್ಕೊಂಡು ಪ್ರತಿ ಪೆಟ್ಟಿಗೂ ತಿರುವ್ತಿದ್ದ, ದಿನ ಪೂರ್ತಿ ಅದೇ ಕೆಲಸ, ಆಮ್ಯಾಲ ತಾನೇ ತಿರುವೋ ಮಷೀನ್ ಬಂದವು.

ಇದು ಮುಂದ ಬಂದದ್ದು ಅಮೆರಿಕಾದಾಗ. ಅಲ್ಲಿ ಮೊಳಿ ಎಷ್ಟು ತುಟ್ಟಿ ಇದ್ದವಂದ್ರ, 1645ರ ಸುಮಾರಿಗಿ ವರ್ಜೀನಿಯಾದಾಗ ಮಂದಿ ಊರು ಬಿಟ್ಟು ಹೋಗೋ ಮುಂದ ಮನಿಗಿ ಬೆಂಕಿ ಹಚ್ಚಿ ಬೂದ್ಯಾಗಿಂದ ಮೊಳಿ ಆರಿಸ್ಕೊಂಡು ಹೋಗ್ತಿದ್ರು, ಹಂಗ ಸುಡಬಾರದು ಅಂತ ಕಾನೂನೇ ಮಾಡಬೇಕಾಯ್ತು, ಸುಡದೇ ಬಿಟ್ಟವರಿಗಿ ಆ ಮನ್ಯಾಗಿರೋವಷ್ಟು ಮೊಳಿ ಸರ್ಕಾರದಿಂದ ಕೊಡೋದು ಅಂತ. ಮುಂದ ಅಮೆರಿಕಾದ ಪ್ರೆಸಿಡೆಂಟ್ ಆದ ಥಾಮಸ್ ಜೆಫರ್ಸನ್ 1794ರಾಗ ತನ್ನ ಜಮೀನಿನಾಗೇ ಮೊಳಿ ಕುಲುಮಿ ಹಾಕಿಸಿದ್ದ, ಅಲ್ಲಿ ಬಡೀತಿದ್ದವರು ಗುಲಾಮಗಿರಿಯಾಗಿದ್ದ ಹತ್ತರಿಂದ ಹದಿನಾರು ವರ್ಷದ ಹುಡುಗರು. ಈ ಮಾತು ಬಿಟ್ಟು ಮೊಳಿ ಇತಿಹಾಸ ಹೇಳಬಾರದು ಅನಸ್ತದ ನನಗ. 1796ರಾಗ ಅವನೂ ಸಣ್ಣ ಮೊಳಿಗಿ ಒಂದು ಕತ್ತರಿಸೋ ಮಷೀನ್ ತರಿಸಿದ. ಅದರ ಹಿಂದಿನ ವರ್ಷ, 1795ರಾಗ, ಮ್ಯಾಸಚೂಸೆಟ್ಸ್ ರಾಜ್ಯದ ಜೇಕಬ್ ಪರ್ಕಿನ್ಸ್ ಅನ್ನೋರಿಗಿ ಮೊಳಿ ಮಷೀನ್‌ದ ಪೇಟೆಂಟ್ ಸಿಕ್ಕಿತ್ತು. ಆ ಕಾಲದ ಭಾಳಷ್ಟು ಮಷೀನ್ ಬರೇ ಕತ್ತರಿಸ್ತಿದ್ದವು, ತಲಿ ಮಾತ್ರ ಮೊಳಿನ್ನ ಇಕ್ಕಳದಾಗ ಹಿಡಿದು ಕೈಲೆ ಬಡೀತಿದ್ರು. ಕತ್ತರಿಸೋದು, ತಲಿ ಕೂಡ್ಸೋದು ಎರಡೂ ಒಂದೇ ಮಷೀನ್‌ದಾಗ ಆಗೋದು ಮುಂದಿನ ಹತ್ತಿಪ್ಪತ್ತು ವರ್ಷದಾಗ ಬಂತು. 1819ರಾಗ ಅದೇ ರಾಜ್ಯದಾಗ ಶುರು ಆದ ಟ್ರೆಮಾಂಟ್ ಅನ್ನೋ ಕಾರ್ಖಾನಿ ಭಾಳ ಕಾಲದ ತನಕ ಕಟ್ ನೇಲ್ ಮಾಡ್ತಿತ್ತು, ಹಳೀ ಮನಿ ರಿಪೇರಿ ಮಾಡೋರು ತಗೋತಿದ್ರು.

ಆಳಂದ_ವಾಡೇ

ನೋಡಿದೆ ನೋಡಿದೆ. ಹಲಗಿ ಮೊಳಿ ಎಲ್ಲಾ ಎರಡೇ ಮಗ್ಗಲು ಸಣ್ಣಾಗ್ಯಾವ, ನೀವು ಹೇಳಿದಂಗೇ! ಬೆರಳಾಡಿಸಿದ್ರ ಅಂಚಿಗಿ ಸಣ್ಣ ಮುಳ್ಳಿನಂಗ ಹತ್ತತದ. ಬಾಗಲದವು ನಾಕೂ ಮಗ್ಗಲು. ಆದ್ರ ಒಂದು ತಿಳೀಲಿಲ್ಲ, ಮಷೀನ್ ಮೊಳಿ ಸಿಗ್ತಿದ್ವು ಅಂದಮ್ಯಾಲ ಬಾಗಲಕ್ಕ ಯಾಕ ಕಂಬಾರನ ಮೊಳಿ ಹಾಕ್ಸಿದ್ರು?

ಹಳೀ_ಹತ್ಯಾರ_ಬೀದರ್

ಅಂಚಿನ ಮುಳ್ಳು ಬ್ಲೇಡ್ ಕತ್ತರಿಸಿದ ಗುರ್ತು, ಅದು ಕಂಡ್ರ ಮತ್ತ ಸಂಶಯ ಬ್ಯಾಡ.

ಬಾಗಲದ್ದು ಚಲೋ ಪ್ರಶ್ನಿ ಕೇಳಿದ್ರಿ. ಬಾಗಲದ ಹಿಂದ ನೋಡ್ರಿ, ಮೊಳಿ ತುದಿ ಮಡಚಿ ಕಟಗಿಯೊಳಗ ಬಡದಿರ್ತಾರ. ಆಗಿನ ಕಬ್ಬಿಣ ಈಗಿನ ಉಕ್ಕಿನಂಗ ಇರ್ಲಿಲ್ಲ, ಕಟಗಿಯಂಗ ಅದರಾಗೂ ಎಳಿ ಇರ್ತಿದ್ದವು. ಕಂಬಾರ ಸಳಿಯಿಂದ ಬಡದಾಗ ಎಳಿ ಮೊಳಿ ಉದ್ದಕ್ಕ ಬರ್ತಾವ, ಎಷ್ಟು ಮಡಚಿದ್ರೂ ಮುರಿಯಂಗಿಲ್ಲ. ಮೊದಮೊದಲ ಮಷೀನ್ ಮೊಳಿ ಪಟ್ಟಿಯಿಂದ ಅಡ್ಡ ಕತ್ತರಿಸ್ತಿದ್ದಕ್ಕ ಎಳಿ ಅಡ್ಡ ಬೀಳ್ತಿದ್ದವು, ಮಡಚಿದ್ರ ಚಟ್ ಅಂತ ಮುರೀತಿತ್ತು. 1830ರ ದಶಕದಿಂದ ಎಳಿ ಉದ್ದಕ್ಕ ಬರೋಹಂಗ ಪಟ್ಟಿ ಮಾಡ್ಲಕತ್ತಿದ್ರು, ಆದ್ರೂ ಮಡಚೋ ಜಾಗಕ್ಕ ಬಡದ ಮೊಳಿನೇ ಬೇಕು ಅನ್ನೋ ಬಡಿಗ್ಯಾರು ಭಾಳ ದಿನ ಇದ್ರು. ನಿಮ್ಮ ವಾಡೇ ಕಟ್ಟಿದಾಂವ ತಿಳದು ಕಟ್ಯಾನ, ನನಗ ಭಾಳ ಖುಷಿ ಆಯ್ತು ಇದು ಓದಿ.

ಹಲಗಿ ಮೊಳಿ ನೆಟ್ಟಗಿದ್ದವು ಆರಿಸಿ ಇಟಗೋರಿ, ಮತ್ತ ಹೊಡೀಲಾಕ ಬರ್ತಾವ. ಹೊಡ್ಯೋ ಮುಂದ ಒಂದು ಲಕ್ಷ್ಯ ಇರಲಿ, ಸಣ್ಣಾಗೋ ಓರಿ ಕಟಗಿಯ ಎಳಿ ಉದ್ದಕ್ಕ ಬರಬೇಕು, ಅಡ್ಡ ಬಂದ್ರ ಬೆಣಿ ಹೊಡದಂಗ ಆಗಿ ಹಲಗಿ ಸೀಳ್ತದ. ಬರೋಬ್ಬರಿ ಹೊಡದ್ರ ಮೊಂಡ ತುದಿ ಕಟಗಿ ಎಳಿ ಹರಕೊಂಡು ಕೆಳಗ ಮಡಚಿ ಹೋಗ್ತದ, ಆ ಮಡಚಿದ ಎಳಿನೇ ಮೊಳಿನ್ನ ಹಿಡೀತಾವ. ದುಂಡನ ಮೊಳಿಕಿಂತ ಬಿಗಿ ಹಿಡೀತದ ಇದು.

ಹುಮನಾಬಾದ್_ಕಟಗಿ_ಕೆಲಸ

ಇಷ್ಟು ವರ್ಷ ತಿಳೀಲಾರದೇ ಇದ್ದದ್ದು ಇವತ್ತು ತಿಳೀತು. ನನ್ನ ಡಬ್ಬಿ ತಗದು ನೋಡಿದೆ, ಅರ್ಧಕ್ಕಿಂತ ಹೆಚ್ಚು ಕಟ್ ನೇಲ್ ಅದಾವ. ಧನ್ಯವಾದ ಅಣ್ಣಾ.

ಕಪನೂರ_ಫಿಟ್ಟರ್

ದುಂಡನ ಮೊಳಿದ್ದು ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ, ಹನ್ನೊಂದು ವರ್ಷ ಒಂದು ಮೊಳಿ ಕಾರ್ಖಾನ್ಯಾಗ ಮಷೀನ್ ನಡಿಸೀನಿ. ವಾಯರ್ ಬಂಡಲ್ ಹಿಂದ ಚಕ್ರಕ್ಕ ಹಾಕಿರ್ತೀವಿ, ಅಲ್ಲಿಂದ ರೋಲರ್ ನಡುವ ಎಳಕೊಂಡು ಬಂದು ನೆಟ್ಟಗ ಆಗ್ತದ, ಎರಡು ಡೈ ಬಂದು ಗಟ್ಟಿ ಹಿಡೀತಾವ, ಮುಂದ ಚಾಚಿದ ತುಣುಕಿಗಿ ಎದರಿನಿಂದ ಪಂಚ್ ಬಂದು ಹೊಡೀತದ, ತಲಿ ಆಯ್ತು. ಡೈ ಬಿಡ್ತದ, ವಾಯರ್ ಒಂದು ಮೊಳಿ ಉದ್ದ ಮುಂದ ಬರ್ತದ, ಎರಡೂ ಕಡಿಯಿಂದ ಕಟರ್ ಕೂಡಿ ಚೂಪ್ ಮಾಡಿ ಕತ್ತರಿಸ್ತಾವ, ಮೊಳಿ ಕೆಳಗ ಬೀಳ್ತದ. ಇಷ್ಟೂ ಒಂದೇ ಸುತ್ತಿನಾಗ ಆಗ್ತದ, ನಮ್ಮ ಮಷೀನ್ ನಿಮಿಷಕ್ಕ ಮುನ್ನೂರು ಸುತ್ತು ತಿರುಗ್ತಿತ್ತು. ನಿಮ್ಮ ಮನ್ಯಾಗಿನ ಯಾವುದಾದ್ರೂ ಮೊಳಿ ತಗೊಂಡು ತಲಿ ಕೆಳಗ ನೋಡ್ರಿ, ಸಣ್ಣ ಸಣ್ಣ ಗೀರು ಕಾಣ್ತಾವ, ಅವು ಡೈ ಹಿಡದ ಹಲ್ಲಿನ ಗುರ್ತು. ಕಡೀಕ ಡ್ರಮ್ಮಿನಾಗ ಕಟಗಿ ಪುಡಿ ಹಾಕಿ ಗರಗರ ತಿರುವಿದ್ರ ಮೊಳಿ ಫಳಫಳ ಹೊಳೀತಾವ. ಆ ಸಪ್ಪಳದಾಗ ಮಾತು ಕೇಳಸಂಗಿಲ್ಲ, ಎಲ್ಲಾ ಕೈ ಸನ್ನಿ ಮ್ಯಾಲೇ ನಡೀತಿತ್ತು, ನನಗ ಈಗ ಬಲಗಿವಿ ಜರಾ ಕಡಿಮಿ ಕೇಳಸ್ತದ, ಕಿವಿಗಿ ಹತ್ತಿ ಕೊಡೋದೂ ಮಾಲಕರಿಗಿ ಭಾರ ಆಗಿತ್ತು.

ಈ ಕೆಲಸದ ಮೂಲ ಲೆಕ್ಕ 19ನೇ ಶತಮಾನದ್ದೇ. ವಾಯರ್ ಮೊಳಿ ಮೊದಲು ಫ್ರಾನ್ಸ್ ಕಡಿ ನಡೀತು, 1850ರ ದಶಕದಾಗ ನ್ಯೂಯಾರ್ಕ್‌ಗಿ ಹೋಯ್ತು, ಆಗ ಬರೇ ಸಿಗಾರ್ ಪೆಟಗಿ, ಫೋಟೋ ಕಟ್ಟಿಗಿ ಹೊಡಿಯೋ ಸಣ್ಣ ಮೊಳಿ. ಬೆಸೆಮರ್ ಪದ್ಧತಿಲೆ ಉಕ್ಕು ಅಗ್ಗ ಆದಮ್ಯಾಲ ಆಟನೇ ಬದಲಾಯ್ತು. 1886ರಾಗ ಅಮೆರಿಕಾದಾಗ ಆದ ಮೊಳಿಯಾಗ ನೂರಕ್ಕ ಹತ್ತು ಮಾತ್ರ ವಾಯರ್‌ದ್ದು, ಆರೇ ವರ್ಷದಾಗ ಕಟ್ ನೇಲ್‌ಗಿಂತ ಹೆಚ್ಚಾದವು, 1913ಕ್ಕ ನೂರಕ್ಕ ತೊಂಬತ್ತು. ವೀಲಿಂಗ್ ಅನ್ನೋ ಊರಿಗಿ ಕಟ್ ನೇಲ್‌ದಿಂದಲೇ ಮೊಳಿ ಪಟ್ಟಣ ಅಂತ ಹೆಸರಿತ್ತು, ಅಲ್ಲಿ 1885ರಾಗ ಮೊಳಿ ಕೆಲಸದವರು ದೊಡ್ಡ ಸ್ಟ್ರೈಕ್ ಮಾಡಿದ್ರು, ಆ ಗ್ಯಾಪಿನಾಗ ವಾಯರ್ ಮೊಳಿ ಬಜಾರದಾಗ ಕಾಲೂರಿತು.

ವಾಡಿ_ಜಂಕ್ಷನ್

ರೈಲ್ ಹಳಿ ಕೆಳಗಿನ ಸ್ಲೀಪರಿಗಿ ಹೊಡಿಯೋ ಕೊಕ್ಕಿ ತಲಿ ಮೊಳಿ, ಡಾಗ್ ಸ್ಪೈಕ್, ಅದೂ ಚೌಕನೇ. ಅದಕ್ಕೂ ಮಷೀನ್ ಆಗಿನ ಕಾಲದ್ದೇ, ಅಮೆರಿಕಾದ ಟ್ರಾಯ್ ಊರಾಗ ಹೆನ್ರಿ ಬರ್ಡನ್ ಅನ್ನೋರು 1840ರಾಗ ಪೇಟೆಂಟ್ ತಗೊಂಡ್ರು. ಕುದುರಿ ನಾಲ ಮಾಡೋ ಮಷೀನ್‌ದೂ ಅವರದೇ, 1835ರದ್ದು. ನಮ್ಮ ಅಪ್ಪ ಗ್ಯಾಂಗಿನಾಗ ಇದ್ರು, ಮನ್ಯಾಗ ಒಂದು ಸ್ಪೈಕ್ ಬಾಗಲಕ್ಕ ಅಡ್ಡ ಇಡ್ತಿದ್ವಿ.

ಸುರಪುರ_ಕುಲುಮಿ

ಎತ್ತಿನ ನಾಲದ ಮಾತು ಬರ್ಲಿಲ್ಲ, ಅದಕ್ಕ ಬರೀಲಕತ್ತೀನಿ. ನಮ್ಮ ತವರಿನ್ಯಾಗ ಕುಲುಮಿ ಇತ್ತು, ನಾ ಸಣ್ಣಾಕಿ ಇದ್ದಾಗ ತಿದಿ ಊದೀನಿ. ಮನಿ ಮೊಳಿ ಎಲ್ಲಾರೂ ಅಂಗಡ್ಯಾಗಿಂದೇ ತರ್ತಿದ್ರು, ಆದ್ರ ಎತ್ತಿಗಿ ನಾಲ ಕಟ್ಟೋ ಮೊಳಿ ಮಾತ್ರ ಮುತ್ಯಾನ ಕೈಲೇ ಆಗಬೇಕು. ಗೊರಸಿನ ಹೊರಗ ಬಂದ ತುದಿ ಮಡಚಬೇಕಲ್ರೀ, ಮುರದು ಒಳಗ ಉಳದ್ರ ಎತ್ತು ಕುಂಟ್ತದ, ಬಿತ್ತೋ ಟೈಮಿನಾಗ ಒಂದು ಎತ್ತು ಕುಂಟಿದ್ರ ರೈತನ ಗತಿ ಏನು. ಮುತ್ಯಾ ಒಂದು ಕಾವಿಗೇ ಒಂದು ಮೊಳಿ ಮುಗಸ್ತಿದ್ದ, ಸಳಿ ಕೆಂಪಗ ಇರೋದ್ರಾಗೇ ನಾಕೂ ಮಗ್ಗಲು ಬಡದು, ಅರ್ಧ ಕಡದು, ತೂತಿನ ಅಚ್ಚಿನಾಗ ಇಳಿಸಿ ತಿರುವಿ ಮುರದು, ಮ್ಯಾಲ ಉಳದದ್ದಕ್ಕ ಎರಡು ಪೆಟ್ಟು, ತಲಿ. ಎರಡನೇ ಸಲ ಕಾಸಿದ್ರ ಇದ್ದಲಿ ದಂಡ ಅಂತಿದ್ದ.

ಇಂಗ್ಲೆಂಡಿನ್ಯಾಗೂ ಹಿಂಗೇ ಮನಿ ಹಿತ್ತಲದಾಗ ಕುಲುಮಿ ಇಟ್ಟು ಹೆಣ್ಮಕ್ಕಳು ಮಕ್ಕಳು ಎಲ್ಲಾ ಕೂಡಿ ಮೊಳಿ ಬಡೀತಿದ್ರು, ಬ್ಲ್ಯಾಕ್ ಕಂಟ್ರಿ ಅಂತ ಸೀಮಿ, ದಲಾಲಿ ಸಳಿ ತೂಗಿ ಕೊಟ್ಟು ಮೊಳಿ ತೂಗಿ ತಗೊಂಡು ಕಾಸಿನ ಬದಲಿ ತನ್ನ ಅಂಗಡಿ ಸಾಮಾನೇ ಕೊಡ್ತಿದ್ದ. ಮಷೀನ್ ಮೊಳಿ ಅಗ್ಗಕ್ಕ ಬಂದಂಗ ಅವರ ಕೂಲಿ ಇಳೀತಾ ಹೋಯ್ತು. ಓದಿದಾಗ ಹೊಟ್ಟಿ ಚುರ್ ಅಂತು ನನಗ, ನಮ್ಮ ಮನೀದೇ ಕಥಿ ಇದು. ಅಣ್ಣಾ, ಆ ಬಾಗಲದ ಮೊಳಿ ಯಾರೋ ಒಬ್ಬ ಕಂಬಾರ ನಿಮ್ಮ ಬಾಗಲ ಅಳದು ಮಾಡ್ಯಾನ, ಹಾಳು ಮಾಡಬ್ಯಾಡ್ರಿ.

ಆಳಂದ_ವಾಡೇ

ಅಕ್ಕಾರೆ, ನಿಮ್ಮ ಮಾತು ಓದಿ ಬಡಿಗ್ಯಾರಿಗಿ ಫೋನ್ ಹಚ್ಚಿದೆ. ನಾಳಿ ಬಾಗಲ ಬಿಚ್ಚೋದಿತ್ತು, ಬ್ಯಾಡ ಅಂದೀನಿ. ಚೌಕಟ್ಟಿನ ಕೆಳಗ ಹುಳ ಹತ್ತಿದ ತುಣುಕು ಅಷ್ಟೇ ಕೊಯ್ದು ಜೋಡಸ್ತಾರಂತ, ಮೊಳಿ ಇದ್ದಲ್ಲೇ ಇರ್ತಾವ. ಆಗಲೇ ಬಿಚ್ಚಿದ ಎಂಟು ಮೊಳಿ ನೆಟ್ಟಗ ಮಾಡಿ ಅದೇ ತೂತಿಗಿ ಹಾಕಂತ ಹೇಳೀನಿ. ಪಡಸಾಲಿ ಹಲಗಿಗಿ ಕಟ್ ನೇಲ್ ಆರಸ್ಲಕತ್ತೀವಿ, ನೂರಾ ನಲವತ್ತು ನೆಟ್ಟಗಿನವು ಸಿಕ್ಕಾವ, ಕಡಿಮಿ ಬಿದ್ದಲ್ಲಿ ಹುಮನಾಬಾದ್ ಅಣ್ಣಾರು ಅವರ ಡಬ್ಬಿಯಾಗಿಂದ ಕೊಡ್ತೀನಿ ಅಂತ ಮೆಸೇಜ್ ಮಾಡ್ಯಾರ, ಬರೋ ಐತವಾರ ಹೋಗಿ ತರ್ತೀನಿ.